ಗುಡಿಸದೆ ಹೋದ ಮನೆ

ಒಡ್ಡಿನ ಮೇಲೆ ಇಪ್ಪತ್ತಮೂರು ಮಕ್ಕಳು, ಇಬ್ಬರು ಮೇಷ್ಟರು. ಅಕ್ಟೋಬರಿನ ಗಾಳಿ ಬೆಟ್ಟದ ನೆತ್ತಿಯಿಂದ ಗಂಧಕದ ವಾಸನೆ ಹೊತ್ತು ಇಳಿಯುತ್ತಿತ್ತು. ಇಂಗ್ಲೆಂಡಿನ ಮಕ್ಕಳಿಗೆ ಚಳಿಯೆಂಬುದು ತಾಕುವುದೇ ಇಲ್ಲವೋ ಏನೋ, ಅರ್ಧಕ್ಕರ್ಧ ಜನ ಚಡ್ಡಿಯಲ್ಲೇ ಬಂದಿದ್ದರು. ಬಸ್ಸಿನ ಡ್ರೈವರ್ ಮೆಲೊ ಮಾತ್ರ ಕುತ್ತಿಗೆಗೆ ಉಣ್ಣೆಯ ವಸ್ತ್ರವನ್ನು ಎರಡು ಸುತ್ತು ಸುತ್ತಿಕೊಂಡು, ಒಂದು ಕಪ್ಪು ಬಂಡೆಗೆ ಒರಗಿ ಸಿಗರೇಟು ಸೇದುತ್ತ, ಮಕ್ಕಳು ಕೋಲು ನೆಟ್ಟು ಟೇಪು ಹಿಡಿದು ಓಡಾಡುವುದನ್ನು ನೋಡುತ್ತಿದ್ದ.

"ಕಲ್ಲು ಅಳೆಯೋಕೆ ಅಷ್ಟು ದೂರದಿಂದ ವಿಮಾನದಲ್ಲಿ ಬರ್ತಾರೆ ನೋಡು ವೆನೆರಾ. ನಮ್ಮಜ್ಜ ಇದೇ ಕಲ್ಲು ಹೊತ್ತು ಹೊತ್ತು ಸತ್ತ, ಒಬ್ಬರೂ ಬಂದು ಒಂದು ಫೋಟೋ ತೆಗೀಲಿಲ್ಲ."

ವೆನೆರಾ ನಕ್ಕಳು. ಮೆಲೊ ಪ್ರತಿ ತಂಡ ಬಂದಾಗಲೂ ಈ ಮಾತನ್ನು ಆಡುತ್ತಿದ್ದ. ಅವಳೂ ಪ್ರತಿ ತಂಡ ಬಂದಾಗಲೂ ಒಂದೇ ಕಥೆಯನ್ನು ಹೇಳುತ್ತಿದ್ದಳು. ಭೂಗೋಳದ ಪ್ರವಾಸಕ್ಕೆ ಬರುವ ಶಾಲೆಗಳಿಗೆ ಎಟ್ನಾ ಎಂಬ ಜ್ವಾಲಾಮುಖಿ ಬೆಟ್ಟವನ್ನು ತೋರಿಸುವ ಕೆಲಸಕ್ಕೆ ಸೇರಿ ಹನ್ನೆರಡು ವರ್ಷವಾಗಿತ್ತು. ತನ್ನೂರಾದ ಫೊಂತನಾರ್ಸದ ಈ ಒಡ್ಡಿನ ಮೇಲೆ ಹೇಳುವ ಕಥೆಯಂತೂ ಅವಳ ಬಾಯಲ್ಲಿ ನುಣುಪಾದ ಹುಣಿಸೆ ಬೀಜದ ಹಾಗೆ ಆಡುತ್ತಿತ್ತು.

ಮೂವತ್ತೊಂದು ವರ್ಷದ ಹಿಂದೆ ಬೆಟ್ಟದ ಮಗ್ಗುಲು ಸೀಳಿ ಲಾವಾ ಹೊರಟಿತು. ಚೆಸ್ಟ್‌ನಟ್ ಕಾಡನ್ನು ನುಂಗಿ, ದ್ರಾಕ್ಷಿ ತೋಟಗಳನ್ನು ನುಂಗಿ, ಹನ್ನೊಂದನೆಯ ದಿನ ಊರಿನ ನೆತ್ತಿಗೆ ಬಂದು ನಿಂತಿತು. ಎದುರಿಗಿದ್ದದ್ದು ಮೊದಲು ವೆನೆರಾಳ ಮನೆ, ಅದರ ಕೆಳಗೆ ಚರ್ಚು, ಅದರ ಕೆಳಗೆ ನಲವತ್ತು ಮನೆ. ಆಗ ಎಂಜಿನಿಯರುಗಳು ಇಲ್ಲಿ ಮಣ್ಣಿನ ಒಡ್ಡು ಹಾಕಿಸಿದರು. ಬುಲ್ಡೋಜರ್ ಓಡಿಸಿದವನು ಅವಳ ಅಪ್ಪ ಚಿರೀನೊ. ಲಾವಾ ಒಡ್ಡಿಗೆ ತಾಗಿ ಎಡಕ್ಕೆ ಹೊರಳಿ ಹಳ್ಳಕ್ಕೆ ಬಿತ್ತು. ಊರು ಉಳಿಯಿತು. ಹೋದದ್ದು ಎಡಗಡೆಯ ಒಂದೇ ಒಂದು ಮನೆ. ಒಂದು ಜೀವವೂ ಹೋಗಲಿಲ್ಲ.

ಇಷ್ಟು ಹೇಳಿ ವೆನೆರಾ ಸ್ವಲ್ಪ ತಡೆಯುತ್ತಿದ್ದಳು. ಆಮೇಲೆ ಬರುವುದು ಎಲ್ಲರಿಗೂ ಹಿಡಿಸುವ ಭಾಗ. ಈ ಬೆಟ್ಟದ ಜನ ಮನೆಯನ್ನು ಲಾವಾಗೆ ಒಪ್ಪಿಸಬೇಕಾಗಿ ಬಂದಾಗ ಕೊಳೆಯಾಗಿ ಒಪ್ಪಿಸುವುದಿಲ್ಲ. ಸಾಮಾನೆಲ್ಲ ಹೊರಗೆ ಸಾಗಿಸಿ, ಮೂಲೆ ಮೂಲೆ ಗುಡಿಸಿ, ನೆಲ ಒರೆಸಿ, ಒಂದು ಮೇಜನ್ನು ಮಾತ್ರ ಉಳಿಸಿ ಅದರ ಮೇಲೆ ಒಂದು ರೊಟ್ಟಿ, ಒಂದು ಹೂಜಿ ವೈನು ಇಟ್ಟು, ಬಾಗಿಲಿಗೆ ಬೀಗ ಹಾಕದೆ ಬರುತ್ತಾರೆ. ಬೆಟ್ಟ ಎಂದರೆ ಇಲ್ಲಿ ಹೆಣ್ಣು. ಅಷ್ಟು ದೂರದಿಂದ ನಡೆದು ದಣಿದು ಬರುತ್ತಾಳೆ, ಬಂದವಳು ಖಾಲಿ ಮನೆ ಕಾಣಬಾರದು. ಹೆಣವನ್ನು ಮೀಯಿಸಿ ಬಟ್ಟೆ ಉಡಿಸಿದ ಹಾಗೆ ಮನೆಗೂ ಒಂದು ಮರ್ಯಾದೆ.

"ಹೋದ ಆ ಮನೆಯಾಕೆ ಗುಡಿಸಿದ್ದನ್ನ ನಾನು ಕಣ್ಣಾರೆ ಕಂಡಿದ್ದೀನಿ," ಎಂದು ವೆನೆರಾ ಮುಗಿಸುವಳು. "ನನಗೆ ಏಳು ವರ್ಷ. ಹಳದಿ ವಸ್ತ್ರ ತಲೆಗೆ ಕಟ್ಟಿಕೊಂಡು, ಒಂದು ಮಾತೂ ಆಡದೆ ಗುಡಿಸ್ತಿದ್ದರು."

ಎಂಟು ವರ್ಷದಿಂದ ತಂಡ ಕರೆತರುತ್ತಿದ್ದ ಲಮ್ ಮೇಷ್ಟರ ಕಣ್ಣು ಎಂಟನೆಯ ಸಲವೂ ಒದ್ದೆಯಾಯಿತು. ಅವರ ಪಾಠದ ಹಾಳೆಯಲ್ಲಿ ಈ ಊರು 'ಯಶಸ್ವಿ ರಕ್ಷಣೆ' ಎಂಬ ತಲೆಬರಹದ ಕೆಳಗೆ ಅಚ್ಚಾಗಿತ್ತು, ಗುಡಿಸಿದ ಹೆಂಗಸೂ ಅದರಲ್ಲಿದ್ದಳು.

ಕಥೆ ಮುಗಿದ ಮೇಲೆ ಅಳತೆ. ಇಬ್ಬಿಬ್ಬರಾಗಿ ಮಕ್ಕಳು ಕೆಂಪು-ಬಿಳಿ ಪಟ್ಟೆಯ ಕೋಲು ನೆಟ್ಟು, ನೆಲ ಎಷ್ಟು ಇಳಿಜಾರಾಗಿದೆ, ಯಾವ ಕಡೆಗೆ ಇಳಿಯುತ್ತದೆ ಎಂದು ಕೋನ ಅಳೆದು, ನಕ್ಷೆಯಲ್ಲಿ ಬಾಣ ಹಾಕಬೇಕು. ಬೇರೆಯವರು ಬೇಗ ಮುಗಿಸಿ ಬಿಸ್ಕತ್ತು ತಿನ್ನುತ್ತ ಕೂತರು. ತಮ್ಸಿನ್ ಎಂಬ ಹುಡುಗಿ ಮಾತ್ರ ಮೂರು ಸಲ ಅಳೆದಳು. ಮೂಗಿನಿಂದ ಜಾರುವ ಕನ್ನಡಕದ, ಬಂದ ಮೂರು ದಿನದಲ್ಲಿ ಒಂದೂ ಪ್ರಶ್ನೆ ಕೇಳದ ಹುಡುಗಿ. ಈಗ ನಕ್ಷೆ ಹಿಡಿದು ವೆನೆರಾಳ ಹತ್ತಿರ ಬಂದಳು.

"ಮಿಸ್, ಇಳಿಜಾರು ಇರೋದೆಲ್ಲ ಊರಿನ ಕಡೆಗೆ. ಎಡಗಡೆ ನೆಲ ಸ್ವಲ್ಪ ಏರುತ್ತೆ ಕೂಡ. ಒಡ್ಡು ಇಲ್ದಿದ್ರೆ ಲಾವಾ ಆ ಮನೆ ಹತ್ರಾನೂ ಸುಳೀತಿರ್ಲಿಲ್ಲ, ಅಲ್ವಾ?"

"ಹೌದಮ್ಮ. ಒಡ್ಡು ಹಾಕಿದ್ದೇ ಅದಕ್ಕೆ."

"ಹಾಗಾದ್ರೆ ಆ ಮನೆ ಮೇಲೆ ಲಾವಾ ಹೋಗಿದ್ದಲ್ಲ. ಕಳಿಸಿದ್ದು."

ಹುಡುಗಿಯ ದನಿಯಲ್ಲಿ ಆರೋಪವಿರಲಿಲ್ಲ. ಲೆಕ್ಕ ಬಿಡಿಸಿ ಉತ್ತರ ತೋರಿಸುವ ಹಾಗೆ ಹೇಳಿದಳು, ಅಷ್ಟೆ.

"ಅವ್ರಿಗೆ ಮೊದ್ಲೇ ಹೇಳಿದ್ರಾ, ನಿಮ್ಮ ಕಡೆ ತಿರುಗಿಸ್ತೀವಿ ಅಂತ?"

"ಹೇಳಿದ್ರು. ಹೇಳ್ದೆ ಇದ್ದಿದ್ರೆ ಗುಡಿಸೋಕೆ ಪುರುಸೊತ್ತು ಎಲ್ಲಿರ್ತಿತ್ತು?"

ತಮ್ಸಿನ್ ಅದೂ ಸರಿ ಎಂಬಂತೆ ತಲೆಯಾಡಿಸಿ ಬರೆದುಕೊಂಡಳು. ವೆನೆರಾ ತಾನು ಕೊಟ್ಟ ಉತ್ತರವನ್ನು ತಾನೇ ಮತ್ತೊಮ್ಮೆ ಮನಸ್ಸಿನಲ್ಲಿ ಹೇಳಿಕೊಂಡಳು. ಹೇಳಿದರು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಮನೆಯಾಕೆ ಬೇರೆ ಯಾರೂ ಅಲ್ಲ, ಸಾರಿನಾ. ವೆನೆರಾಳ ಪರೀನಾ, ಎಂದರೆ ಜ್ಞಾನಸ್ನಾನದ ದಿನ ಚರ್ಚಿನಲ್ಲಿ ಕೂಸನ್ನು ಕೈಯಲ್ಲಿ ಎತ್ತಿ ಹಿಡಿದವಳು. ಆ ನೀರಿನಿಂದ ಹುಟ್ಟುವ ನಂಟು ಈ ಬೆಟ್ಟದ ಊರುಗಳಲ್ಲಿ ರಕ್ತದ ನಂಟಿಗಿಂತ ಒಂದು ಕೈ ಮೇಲು. ಕೂಸಿನ ಅಪ್ಪ ಮತ್ತು ಪರೀನಾ ಅಂದಿನಿಂದ ಒಬ್ಬರಿಗೊಬ್ಬರು ಕೊಂಪಾರೆ, ಕೊಮಾರೆ. ಸಾಯುವವರೆಗೂ ಜಗಳ ಆಡುವ ಹಾಗಿಲ್ಲ. ಆದರೆ ಮನೆ ಹೋದ ದಿನದಿಂದ ಸಾರಿನಾ ಚಿರೀನೊನ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ವೆನೆರಾಳ ತಾಯಿ ತೀರಿಕೊಂಡಾಗ ಸ್ಮಶಾನದ ಗೇಟಿನ ಆಚೆ ನಿಂತು ನೋಡಿ ಹೊರಟುಹೋದಳು. ಚಿಕ್ಕವಳಿದ್ದಾಗ ವೆನೆರಾ ಯಾಕೆಂದು ಕೇಳಿದ್ದಕ್ಕೆ ಅಪ್ಪ, ದುಃಖ ಜನರನ್ನ ಹಾಗೆ ಮಾಡತ್ತೆ ಮಗಳೇ, ಎಂದಿದ್ದ. ಸಾರಿನಾ ಈಗ ಕೆಳಗಿನ ರಸ್ತೆಯಲ್ಲಿ ಊರಾಡಳಿತ ಕೊಟ್ಟ ಎರಡು ಕೋಣೆಯ ಮನೆಯಲ್ಲಿದ್ದು, ಬಾಗಿಲ ಮುಂದೆ ಜೇನುತುಪ್ಪದ ಶೀಸೆ ಜೋಡಿಸಿ ಮಾರುತ್ತಿದ್ದಳು. ವೆನೆರಾಳ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲಿಸಬೇಡ ಎಂದು ಮೆಲೊಗೆ ಯಾರೂ ಹೇಳಿರಲಿಲ್ಲ, ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಚೌಕದಲ್ಲಿ ಎಂದಿನಂತೆ ನಡೆಯಿತು. ಬಾರ್‌ನ ಮುಂದಿನ ಕುರ್ಚಿಯಲ್ಲಿ ಎಂಬತ್ತೆರಡರ ಚಿರೀನೊ ಇಸ್ಪೀಟೆಲೆ ಕೆಳಗಿಟ್ಟು ಎದ್ದು ನಿಂತ. ಮಕ್ಕಳು ಸಾಲಾಗಿ ಬಂದು, ಊರು ಉಳಿಸಿದ ಆ ದೊಡ್ಡ ಒರಟು ಕೈಯನ್ನು ಕುಲುಕಿದರು, ಫೋಟೋ ತೆಗೆದರು. "ಯಂತ್ರ ಬಿಸಿಯಾಗಿ ಚಕ್ರದ ಪಟ್ಟೆ ಕರಗ್ತಿತ್ತು ಅನ್ನು," ಎಂದು ಅವನ ಜೊತೆಯ ಮುದುಕನೊಬ್ಬ ಬಾಯಿ ಹಾಕಿದ. "ಹೋದ ಸಲಕ್ಕಿಂತ ಈ ಸಲ ಇನ್ನೂ ಬಿಸಿ ಮಾಡು, ಮಕ್ಕಳು ದೂರದಿಂದ ಬಂದಿವೆ." ಎಲ್ಲರೂ ನಕ್ಕರು. ಚಿರೀನೊ ನಗಲಿಲ್ಲ. ಅವನು ಈ ಹೊಗಳಿಕೆಗೆ ಎಂದೂ ನಕ್ಕವನಲ್ಲ. ವೆನೆರಾ ಅದನ್ನು ವಿನಯ ಎಂದುಕೊಂಡಿದ್ದಳು.

ಆಮೇಲೆ ಮಕ್ಕಳಿಗೆ ಒಂದು ಗಂಟೆ ಬಿಡುವು. ಐಸ್‌ಕ್ರೀಮು, ಕಪ್ಪುಗಲ್ಲಿನ ಆನೆಗೊಂಬೆ, ಅಂಚೆ ಕಾರ್ಡು. ಗಂಟೆ ಕಳೆದು ಎಲ್ಲರೂ ಬಸ್ಸಿನ ಹತ್ತಿರ ಸೇರಿದಾಗ ತಮ್ಸಿನ್ ಮತ್ತವಳ ಗೆಳತಿ ಏದುಸಿರು ಬಿಡುತ್ತ ಕೆಳಗಿನ ರಸ್ತೆಯಿಂದ ಹತ್ತಿ ಬಂದರು. ಕೈಯಲ್ಲಿ ಒಂದು ಜೇನಿನ ಶೀಸೆ. ಊರಿನವರೊಬ್ಬರನ್ನು ಮಾತಾಡಿಸಿ ಹಾಳೆ ತುಂಬಬೇಕೆಂದು ಮೇಷ್ಟರು ಹೇಳಿದ್ದರಲ್ಲ, ಎಲ್ಲರೂ ಮಿಸ್ ವೆನೆರಾ ಅವರ ತಂದೆಯನ್ನೇ ಕೇಳಿದ್ದರಿಂದ ತಾವು ಬೇರೆಯವರನ್ನು ಹುಡುಕಿದೆವು ಎಂದಳು ತಮ್ಸಿನ್. ಅಜ್ಜಿ ಒಳ್ಳೆಯವರು, ದುಡ್ಡು ತೆಗೆದುಕೊಳ್ಳಲಿಲ್ಲ. ಶಾಲೆಯಲ್ಲಿ ಕಲಿತ ಹರಕು ಮುರುಕು ಇಟಾಲಿಯನ್ನಿನಲ್ಲಿ ಗುಡಿಸಿದ ವಿಷಯ ಕೇಳಿದಾಗ ಅಜ್ಜಿ, ಯಾರು ಹೇಳಿದ್ದು ಎಂದರು. ನಿಮ್ಮ ಹೆಸರು ಹೇಳಿದೆವು. ಆಗ ಪೆನ್ನು ಕಿತ್ತುಕೊಂಡು ತಾವೇ ಬರೆದರು.

ವೆನೆರಾ ಹಾಳೆ ತೆಗೆದುಕೊಂಡಳು. ನಾಲ್ಕನೆಯ ಪ್ರಶ್ನೆ: ಮನೆ ಬಿಡುವ ಮುನ್ನ ಸಿದ್ಧತೆಗೆ ಸಮಯ ಸಿಕ್ಕಿತೇ? ಅದರ ಕೆಳಗೆ, ಎರಡನೆಯ ತರಗತಿಗೆ ಶಾಲೆ ಬಿಟ್ಟ ಕೈಯ ದೊಡ್ಡ ದೊಡ್ಡ ಅಕ್ಷರ, ಹಾಳೆ ಹರಿಯುವಷ್ಟು ಒತ್ತಿ ಬರೆದದ್ದು: ನನ್ನ ಮನೆ ಗುಡಿಸಿರಲಿಲ್ಲ.

"ನಾವೇನಾದ್ರೂ ತಪ್ಪು ಮಾಡಿದ್ವಾ ಮಿಸ್?"

"ಇಲ್ಲಮ್ಮ," ಎಂದಳು ವೆನೆರಾ. "ನೀವಲ್ಲ."

ಸಂಜೆ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಚಿರೀನೊ ಹಿತ್ತಲಲ್ಲಿ ಕೂತು ಪಾಪಸುಕಳ್ಳಿ ಹಣ್ಣು ಸುಲಿಯುತ್ತಿದ್ದ. ಒಂದು ಕೈಯಲ್ಲಿ ಫೋರ್ಕು ಚುಚ್ಚಿ ಹಿಡಿದು, ಇನ್ನೊಂದು ಕೈಯ ಚಾಕುವಿನಿಂದ ಎರಡು ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಮುಳ್ಳಿನ ಸಿಪ್ಪೆಯನ್ನು ಅಂಗಿ ಬಿಚ್ಚಿದ ಹಾಗೆ ತೆಗೆಯುತ್ತಿದ್ದ. ವೆನೆರಾ ಎದುರಿಗೆ ಕೂತಳು. ಸುತ್ತಿ ಬಳಸುವ ಮಾತು ಅವಳಿಗೆ ತೋಚಲಿಲ್ಲ.

"ಅಪ್ಪ, ಲಾವಾ ತಿರುಗಿಸ್ತೀವಿ ಅಂತ ಪರೀನಾಗೆ ನೀನು ಹೇಳಿದ್ಯಾ?"

ಚಿರೀನೊ ಆ ಹಣ್ಣು ಮುಗಿಸಿದ. ಇನ್ನೊಂದು ಸುಲಿದ. ಮೂರನೆಯದಕ್ಕೆ ಫೋರ್ಕು ಚುಚ್ಚಿ ಹಾಗೇ ಹಿಡಿದುಕೊಂಡ.

"ತಿರುಗಿಸೋದು ಸಾಯಂಕಾಲಕ್ಕೆ ಅಂದಿದ್ರು ಎಂಜಿನಿಯರು. ಸಾಯಂಕಾಲ ಆಗಿದ್ರೆ ಎಲ್ಲಾ ಆಗ್ತಿತ್ತು. ಹತ್ತು ಗಂಟೆಗೆ ಅವಳು ಜೋರಾದ್ಲು." ಅವನು ಗದ್ದವನ್ನು ಬೆಟ್ಟದ ಕಡೆ ಎತ್ತಿದ.

"ತಿರುಗಿಸಿದ್ದು ಎಷ್ಟು ಹೊತ್ತಿಗೆ?"

"ಹನ್ನೆರಡಕ್ಕೆ."

"ಎರಡು ಗಂಟೆ ಇತ್ತು. ಹೇಳೋಕೆ ಎರಡು ನಿಮಿಷ ಸಾಕಿತ್ತು."

"ಸಾಕಿತ್ತು." ಅವನು ಚಾಕು ಕೆಳಗಿಟ್ಟ. "ಹೇಳಿದ್ರೆ ಬಂದು ಯಂತ್ರದ ಮುಂದೆ ನಿಂತ್ಕೋತಿದ್ಲು. ನಿನ್ನನ್ನ ಕೈಯಲ್ಲಿ ಎತ್ತಿ ಹಿಡಿದೋಳು ಕಣೇ. ಅವಳ ಮುಖ ನೋಡ್ಕೊಂಡು ಗೇರು ಹಾಕೋಕೆ ನನ್ನ ಕೈಲಿ ಆಗ್ತಿರ್ಲಿಲ್ಲ. ಹಾಕ್ದಿದ್ರೆ ಈ ಮನೆ, ಚರ್ಚು, ನಲವತ್ತು ಮನೆ. ಅದಕ್ಕೇ ಹೇಳ್ಲಿಲ್ಲ. ಮರೆತಿದ್ದಲ್ಲ. ಬೇಕು ಅಂತಾನೇ ಹೇಳ್ಲಿಲ್ಲ."

ಅವನೇ ಮುಂದುವರಿಸಿದ. ಮಣ್ಣು ತಳ್ಳುವ ಮೊದಲು, ಒಳಗೆ ಯಾರಾದರೂ ಇದ್ದಾರೇನೋ ಎಂದು ಸಾರಿನಾಳ ಮನೆಗೆ ಓಡಿದ್ದ. ಬಾಗಿಲು ತೆರೆದಿತ್ತು. ಒಳಗೆ ಹೋಗಿ ಕೂಗಿದ, ಯಾರೂ ಇರಲಿಲ್ಲ. ಒಲೆಯ ಮೇಲಿನ ಪಾತ್ರೆ ಮುಟ್ಟಿದ, ಇನ್ನೂ ಬೆಚ್ಚಗಿತ್ತು. ಹೊರಗೆ ಬಂದು ಯಂತ್ರ ಹತ್ತಿದ.

"ಏನಾದ್ರೂ ಎತ್ಕೊಂಡು ಬರಬಹುದಿತ್ತಲ್ಲ ಅಪ್ಪ. ಒಂದು ಫೋಟೋ. ಒಂದು ಕುರ್ಚಿ."

"ಎತ್ಕೊಂಡಿದ್ರೆ ಅವಳಿಗೆ ಕೊಡಬೇಕಿತ್ತು. ಕೊಡುವಾಗ ಮುಖ ನೋಡಬೇಕಿತ್ತು."

"ನಾನು ಅವರು ಗುಡಿಸೋದನ್ನ ಕಣ್ಣಾರೆ ನೋಡಿದ್ದೀನಿ. ಹನ್ನೆರಡು ವರ್ಷದಿಂದ ಅದನ್ನೇ ಹೇಳ್ತಿದ್ದೀನಿ. ಚೌಕದಲ್ಲಿ ನಿನ್ನ ಮುಂದೇನೂ ಹೇಳಿದ್ದೀನಿ, ನೀನು ಕೂತು ಕೇಳ್ದೆ."

"ನೀನು ಹೇಳ್ತಿದ್ದದ್ದು ಇಂಗ್ಲಿಷಲ್ಲಿ. ನಂಗೇನು ಅರ್ಥ ಆಗಬೇಕು."

"ಅರ್ಥ ಆಗಿತ್ತು ನಿನಗೆ."

ಚಿರೀನೊ ತಟ್ಟೆಯನ್ನು ಅವಳ ಕಡೆ ಸರಿಸಿದ. ಸುಲಿದ ಎರಡು ಹಣ್ಣು, ಒಂದು ಕೆಂಪು, ಒಂದು ಹಳದಿ. ಇಬ್ಬರೂ ಮುಟ್ಟಲಿಲ್ಲ.

ಮರುದಿನ ಬೆಳಗ್ಗೆ ತಂಡ ಹೊರಡುವ ಮೊದಲು ಒಡ್ಡಿನ ಮೇಲೆ ಕೊನೆಯ ಪಾಠವಿತ್ತು. ಅದಕ್ಕೂ ಮುಂಚೆ ವೆನೆರಾ ಕೆಳಗಿನ ರಸ್ತೆಗೆ ಇಳಿದಳು. ಜೇನಿನ ಶೀಸೆಗಳು ಇನ್ನೂ ಹೊರಗೆ ಬಂದಿರಲಿಲ್ಲ. ಬಾಗಿಲು ತಟ್ಟಿದಳು.

"ಯಾರು?"

"ವೆನೆರಾ."

"ಯಾವ ವೆನೆರಾ? ಈ ಊರಲ್ಲಿ ಒಂಬತ್ತು ಜನ ಇದ್ದಾರೆ."

"ಚಿರೀನೊ ಮಗಳು, ಪರೀನಾ."

"ಓ. ಕಥೆ ಹೇಳೋಳು."

ಬಾಗಿಲು ತೆರೆಯಿತು. ಸಾರಿನಾ ಕುಗ್ಗಿ ಚಿಕ್ಕವಳಾಗಿದ್ದಳು, ಆದರೆ ಕಣ್ಣು ಅದೇ. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಕಾಫಿ ಪಾತ್ರೆ ಒಲೆಯ ಮೇಲಿಟ್ಟಳು. ವೆನೆರಾ ನಿಂತೇ ಹೇಳಿದಳು: ಅಪ್ಪ ನಿನ್ನೆ ಎಲ್ಲ ಒಪ್ಪಿಕೊಂಡ, ನಿಮಗೆ ಹೇಳದೆ ಇದ್ದದ್ದು ಬೇಕೆಂದೇ. ಸಾರಿನಾ ತಿರುಗಿ ನೋಡಲಿಲ್ಲ. ಅದು ಅವಳಿಗೆ ಹೊಸದಲ್ಲ.

"ಅದು ಇರ್ಲಿ. ಗುಡಿಸ್ತಿದ್ದೆ ಅಂದ್ಯಂತೆ ನನ್ನ."

"ನೋಡಿದ್ದೆ ಪರೀನಾ. ಸುಳ್ಳು ಕಟ್ಟಿ ಹೇಳಿದ್ದಲ್ಲ. ಹಳದಿ ವಸ್ತ್ರ ಕಟ್ಕೊಂಡಿದ್ರಿ. ಸಾಮಾನು ಒಂದೂ ಇರ್ಲಿಲ್ಲ, ಒಂದು ಮೇಜು ಬಿಟ್ಟು. ನಾನು ಬಾಗಿಲಲ್ಲಿ ನಿಂತಿದ್ದೆ."

"ನೆಲ ಯಾವ ಬಣ್ಣ ಇತ್ತು?"

"ಕೆಂಪು. ಕೆಂಪು ಹಂಚಿನ ನೆಲ."

"ನನ್ನ ಮನೇದು ಕರಿಕಲ್ಲು," ಎಂದಳು ಸಾರಿನಾ. "ಕೆಂಪು ಹಂಚು ಹಾಕಿಸಿದ್ದು ನಿಮ್ಮಪ್ಪ. ನೀನು ಹುಟ್ಟಿದ ವರ್ಷ."

ವೆನೆರಾ ದಿನವೂ ಆ ಕೆಂಪು ನೆಲದ ಮೇಲೆ ಓಡಾಡುತ್ತಿದ್ದಳು. ದಿನವೂ ಗುಡಿಸುತ್ತಿದ್ದಳು. ಸಾಮಾನು ತೆಗೆದು ಬೋಳಾದ ಮನೆ, ಗೋಡೆಯಿಂದ ಗೋಡೆಗೆ ಮಾರ್ದನಿ, ಏಳು ವರ್ಷದ ಕಣ್ಣಿಗೆ ಯಾರದೋ ಮನೆ ಅನ್ನಿಸಿತ್ತು. ಗುಡಿಸುತ್ತಿದ್ದವಳು ಸಾರಿನಾ, ಹೋದದ್ದು ಸಾರಿನಾಳ ಮನೆ. ಎರಡನ್ನೂ ಮನಸ್ಸು ಹೊಲಿದು ಒಂದು ಮಾಡಿತ್ತು.

"ಊರಿಗೆ ಊರೇ ಅಂದ್ಕೊಂಡಿತ್ತು ನಿಮ್ಮನೆ ಹೋಗತ್ತೆ ಅಂತ," ಎಂದಳು ಸಾರಿನಾ. "ನಿಮ್ಮಮ್ಮ ಹೊಸಲ ಮೇಲೆ ಕೂತ್ಬಿಟ್ಟಿದ್ಲು, ಕೈಕಾಲು ಆಡ್ತಿರ್ಲಿಲ್ಲ. ಗುಡಿಸೋರು ಯಾರು? ಕೊಮಾರೆ ಅಲ್ದೆ ಇನ್ಯಾರು? ಒಲೆ ಮೇಲೆ ಅಡುಗೆ ಇಟ್ಟಿದ್ದೆ, ಹಾಗೇ ಬಿಟ್ಟು ಓಡಿ ಬಂದೆ. ಗುಡಿಸ್ದೆ, ಒರೆಸ್ದೆ, ನಿಮ್ಮ ಮೇಜಿನ ಮೇಲೆ ನನ್ನ ಕೈಯಾರೆ ರೊಟ್ಟಿ ಇಟ್ಟೆ. ಹೊರಗೆ ಬಂದು ನೋಡಿದ್ರೆ ಆ ಕೆಂಪು ನನ್ನ ಮನೆ ಕಡೆ ತಿರುಗಿ ಹೋಗ್ತಿತ್ತು."

ಕಾಫಿ ಉಕ್ಕಿತು. ಅವಳು ಒಲೆ ಆರಿಸಿದಳು.

"ಮನೆ ಹೋಯ್ತು, ಹೋಗ್ಲಿ. ನಲವತ್ತು ಮನೆಗೆ ಒಂದು ಮನೆ, ನನಗೂ ಲೆಕ್ಕ ಬರತ್ತೆ. ಕೇಳಿದ್ರೆ ನಾನೇ ಕೊಡ್ತಿದ್ನೋ ಏನೋ. ಆದ್ರೆ ಎಂಜಲು ಪಾತ್ರೆ, ಹಾಸದ ಹಾಸಿಗೆ, ಕಸ, ಹಾಗೇ ಹೋಯ್ತು ನನ್ನ ಮನೆ, ಅನಾಥ ಹೆಣ ಹೋದ ಹಾಗೆ. ಅದರ ಮೇಲೆ ನೀನು, ನನ್ನ ಕೈಯಲ್ಲಿ ಎತ್ತಿದ ಕೂಸು, ಗುಡಿಸಿದ್ಲು ಗುಡಿಸಿದ್ಲು ಅಂತ ದೇಶಕ್ಕೆಲ್ಲಾ ಸಾರ್ಕೊಂಡು ಬಂದೆ."

ವೆನೆರಾ ಕಥೆ ತಿದ್ದುತ್ತೇನೆ, ಇವತ್ತೇ ಮಕ್ಕಳಿಗೆ ನಿಜ ಹೇಳುತ್ತೇನೆ ಎಂದಳು.

"ಇಂಗ್ಲಿಷಲ್ಲಾ?" ಸಾರಿನಾ ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದಳು. "ಇಂಗ್ಲಿಷಲ್ಲಿ ನಿಜ ಹೇಳೋದು ಸುಲಭ ಕಣೇ, ಇಲ್ಲಿ ಯಾರಿಗೂ ಕೇಳ್ಸಲ್ಲ. ಮೊದ್ಲು ನಮ್ಮ ಮಾತಲ್ಲಿ ಹೇಳು. ಮೆಲೊ ಕಿವಿಗೆ ಬೀಳೋ ಹಾಗೆ ಹೇಳು. ಆಮೇಲೆ ಅವರಿಗೆ ಹೇಳು. ನಾನೂ ಬರ್ತೀನಿ ಕೇಳೋಕೆ."

ಮೆಲೊನ ಕಿವಿಗೆ ಬಿದ್ದರೆ ಮಧ್ಯಾಹ್ನದೊಳಗೆ ಚೌಕಕ್ಕೆ ಬಿದ್ದ ಹಾಗೆ. ಅಪ್ಪನ ಕುರ್ಚಿ, ಕುಲುಕುವ ಕೈ, ಚರ್ಚಿನ ಗೋಡೆಯ ಮೇಲೆ ಅವನ ಹೆಸರು ಕೆತ್ತಿದ ಕಲ್ಲು, ಎಲ್ಲ ಅವಳ ಕಣ್ಣ ಮುಂದೆ ಬಂತು. ಎಂಬತ್ತೆರಡು ವರ್ಷದ ಮನುಷ್ಯನಿಗೆ ಇನ್ನು ಉಳಿದಿರುವುದೇ ಅಷ್ಟು.

"ಬನ್ನಿ ಪರೀನಾ," ಎಂದಳು.

ಸಾರಿನಾ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಬಂದಾಗ ಮೆಲೊ ಒಂದು ತಮಾಷೆಯನ್ನೂ ಆಡಲಿಲ್ಲ. ಒಡ್ಡಿನ ಕೆಳಗಿನ ಒಂದು ಬಂಡೆಯ ಮೇಲೆ ಅವಳು ಕೂತಳು. ಮೂವತ್ತೊಂದು ವರ್ಷದಲ್ಲಿ ಅವಳು ಇಲ್ಲಿಗೆ ಬಂದದ್ದು ಇದೇ ಮೊದಲು.

ವೆನೆರಾ ಮಕ್ಕಳಿಗೆ ಸ್ವಲ್ಪ ತಡೆಯಿರಿ ಎಂದಳು. ಆಮೇಲೆ ಬಸ್ಸಿನ ಕಡೆ, ಬಂಡೆಯ ಕಡೆ ತಿರುಗಿ, ಬೆಟ್ಟದ ಮಾತಿನಲ್ಲಿ ಹೇಳಿದಳು. ಎಡಗಡೆ ಹೋದ ಮನೆ ತಾನಾಗಿ ಹೋದದ್ದಲ್ಲ. ನನ್ನ ಅಪ್ಪ ಅದರ ಮೇಲೆ ಲಾವಾ ಕಳಿಸಿದ. ಎರಡು ಗಂಟೆ ಮೊದಲೇ ಗೊತ್ತಿದ್ದೂ ಬೇಕೆಂದೇ ಹೇಳಲಿಲ್ಲ. ಆ ಹೊತ್ತಿಗೆ ಆ ಮನೆಯಾಕೆ ನಮ್ಮ ಮನೆ ಗುಡಿಸುತ್ತಿದ್ದರು. ಅವರ ಮನೆಯನ್ನು ಯಾರೂ ಗುಡಿಸಲಿಲ್ಲ. ಇಷ್ಟು ದಿನ ನಾನು ಹೇಳಿದ್ದು ಸುಳ್ಳು. ಆಮೇಲೆ ಮಕ್ಕಳ ಕಡೆ ತಿರುಗಿದಳು. ಅದನ್ನೇ, ಒಂದು ಮಾತೂ ಹೆಚ್ಚಿಸದೆ, ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು.

ಮೆಲೊ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಮಕ್ಕಳಲ್ಲಿ ಯಾರೋ ಒಬ್ಬ ಹುಡುಗ ಕೇಳಿದ: ಹಾಗಾದರೆ ಒಡ್ಡು ಹಾಕಿದ್ದು ತಪ್ಪಾ? ವೆನೆರಾ ತನಗೆ ಗೊತ್ತಿಲ್ಲ ಎಂದಳು. ಒಡ್ಡು ಇಲ್ಲದಿದ್ದರೆ ತನ್ನ ಮನೆ ಇರುತ್ತಿರಲಿಲ್ಲ, ಅಷ್ಟು ಗೊತ್ತು ಎಂದಳು. ಲಮ್ ಮೇಷ್ಟರು ತಮ್ಮ ಹಾಳೆಯ ತಲೆಬರಹವನ್ನು ನೋಡುತ್ತ ನಿಂತರು. ತಮ್ಸಿನ್ ತಲೆ ತಗ್ಗಿಸಿ ಬರೆಯುತ್ತಿದ್ದಳು.

ಮಕ್ಕಳು ಬಸ್ಸಿನ ಕಡೆ ನಡೆದ ಮೇಲೆ ಸಾರಿನಾ ವೆನೆರಾಳನ್ನು ಹತ್ತಿರ ಕರೆದಳು. ಒಳ್ಳೆಯದು ಮಾಡಿದೆ ಎನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಯಂತ್ರ ಹತ್ತೋ ಮೊದ್ಲು ಅವನು ಒಳಗೆ ಹೋಗಿದ್ನಾ?"

"ಹೋಗಿದ್ನಂತೆ. ನೀವಿದ್ದೀರೇನೋ ಅಂತ ಕೂಗಿದ್ನಂತೆ. ಒಲೆ ಮೇಲಿನ ಪಾತ್ರೆ ಬೆಚ್ಚಗಿತ್ತು ಅಂದ."

ಸಾರಿನಾ ಕಪ್ಪು ಕಲ್ಲಿನ ಹರವನ್ನು ನೋಡಿದಳು. ಅದರಡಿಯಲ್ಲಿ ಎಲ್ಲೋ, ಹನ್ನೆರಡು ಅಡಿ ಆಳದಲ್ಲಿ, ಅವಳ ಮನೆ.

"ಅವರೆಕಾಳಿನ ಸಾರು," ಎಂದಳು. "ಅವನಿಗೆ ಬರೋಕೆ ಹೇಳು. ಕ್ಷಮಿಸು ಅಂತ ಬಂದ್ರೆ ಬಾಗಿಲು ತೆಗೆಯಲ್ಲ. ನನ್ನ ಮನೇನ ಕೊನೇಗೆ ನೋಡಿದೋನು ಅವನು. ಏನೇನು ನೋಡ್ದ, ಅದನ್ನ ಬಂದು ಹೇಳ್ಲಿ."

ಬಸ್ಸು ಕತಾನಿಯಾದ ವಿಮಾನ ನಿಲ್ದಾಣಕ್ಕೆ ಹೊರಟಿತು. ಹೊರಡುವ ಮೊದಲು ಮೆಲೊ ಬಾರ್‌ನಲ್ಲಿ ಒಂದು ಕಾಫಿ ಕುಡಿಯಲು ನಿಂತಿದ್ದ, ಅಷ್ಟು ಸಾಕಾಯಿತು. ವೆನೆರಾ ಅಪ್ಪನಿಗೆ ಸಾರಿನಾ ಹೇಳಿದ್ದನ್ನು ಹೇಳಿದಾಗ ಚಿರೀನೊ ಒಳಗೆ ಹೋಗಿ ಗಡ್ಡ ಕೆರೆದುಕೊಂಡು, ಶುಭ್ರ ಅಂಗಿ ತೊಟ್ಟು ಹೊರಬಂದ. ಕೆಳಗಿನ ರಸ್ತೆಗೆ ಚೌಕ ದಾಟಿಯೇ ಹೋಗಬೇಕು. ಇಸ್ಪೀಟು ಆಡುತ್ತಿದ್ದವರು ಎಲೆ ಹಿಡಿದ ಕೈ ಹಿಡಿದಲ್ಲೇ ನಿಲ್ಲಿಸಿದರು. ಬಾ ಕೂತ್ಕೊ ಎಂದು ಯಾರೂ ಕರೆಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಒಬ್ಬ ಮಾತ್ರ ಎದ್ದು ಅವನ ಖಾಲಿ ಕುರ್ಚಿಯನ್ನು ದಾರಿಯಿಂದ ಪಕ್ಕಕ್ಕೆ ಸರಿಸಿದ. ಚಿರೀನೊ ಗೋಡೆ ಹಿಡಿದು ಹಿಡಿದು ನಡೆದ. ಮಗಳು ಕೈ ಕೊಡಲು ಹೋದರೆ ಬೇಡವೆಂದ.

ಸಾರಿನಾಳ ಬಾಗಿಲು ತೆರೆದಿತ್ತು. ಅವನು ಹೊಸಲಿನ ಈಚೆ ನಿಂತ. ಒಳಗಿನಿಂದ ಯಾರೂ ಬಾ ಎನ್ನಲಿಲ್ಲ. ಒಂದು ಕುರ್ಚಿ ಮಾತ್ರ ಬಾಗಿಲ ಕಡೆಗೆ ತಿರುಗಿಸಿ ಇಟ್ಟಿತ್ತು. ಅವನು ಹೋಗಿ ಕೂತ. ವೆನೆರಾ ಹೊರಗೆ, ಜೇನಿನ ಶೀಸೆಗಳ ಪಕ್ಕದ ಕಲ್ಲಿನ ಮೇಲೆ ಕೂತಳು.

ಒಳಗಿನಿಂದ ಅಪ್ಪನ ದನಿ ಕೇಳಿತು, ಕೆಮ್ಮಿ ಕೆಮ್ಮಿ ಹೊರಟದ್ದು. ಒಲೆಯ ಮೇಲೆ ಪಾತ್ರೆ, ಅದರ ಮೇಲೆ ತಟ್ಟೆ ಮುಚ್ಚಿತ್ತು. ಮೇಜಿನ ಮೇಲೆ ಎರಡು ಲೋಟ, ಒಂದರಲ್ಲಿ ನೀರು. ಒಂದು ಕುರ್ಚಿಯ ಬೆನ್ನಿಗೆ ನೀಲಿ ಏಪ್ರನ್ನು. ಹಾಸಿಗೆಯ ಮೇಲೆ ಹೊದಿಕೆ ಅರ್ಧ ಕೆಳಗೆ ಜಾರಿತ್ತು. ಸಾರಿನಾ ನಡುನಡುವೆ ಹೂಂ ಎನ್ನುತ್ತಿದ್ದಳು. ನೀಲಿ ಅಲ್ಲ ಬೂದು ಎಂದು ಒಮ್ಮೆ ತಿದ್ದಿದಳು. ಅವನು ಹೌದು, ಬೂದು ಎಂದ. ಪುಸ್ತಕ ಓದಿ ಒಪ್ಪಿಸುವ ಹುಡುಗನ ಹಾಗೆ ನಿಧಾನವಾಗಿ, ಯಾವುದನ್ನೂ ಬಿಡದೆ ಹೇಳುತ್ತಿದ್ದ. ಮೂವತ್ತೊಂದು ವರ್ಷ ಅವನು ಒಂದು ಸಾಮಾನನ್ನೂ ಕಳೆದುಕೊಳ್ಳದೆ ಆ ಮನೆಯನ್ನು ಹೊತ್ತುಕೊಂಡಿದ್ದ ಎಂದು ವೆನೆರಾಗೆ ಆಗ ಗೊತ್ತಾಯಿತು.

"ಕಿಟಕಿ ತೆಗ್ದಿತ್ತು," ಎಂದ ಚಿರೀನೊ.

"ಇಲ್ಲ. ಬೂದಿ ಬರತ್ತೆ ಅಂತ ಮುಚ್ಚಿದ್ದೆ."

"ತೆಗ್ದಿತ್ತು ಕೊಮಾರೆ. ಹಿಂದಿನ ಕೋಣೇದು. ಪರದೆ ಹೊರಗೆ ಹಾರ್ತಿತ್ತು. ನಾನು ಮುಚ್ಚಿ ಬಂದೆ."

ಒಳಗೆ ಕುರ್ಚಿ ಸರಿದ ಸದ್ದು.

"ಮುಚ್ಚಿ ಬಂದ್ಯಾ?"

"ಮುಚ್ಚಿ, ಚಿಲಕ ಹಾಕಿ ಬಂದೆ."

"ಸರಿ," ಎಂದಳು ಸಾರಿನಾ. "ಆಮೇಲೆ? ಪಡಸಾಲೇಲಿ ಏನಿತ್ತು, ಹೇಳು."